ಸಾಲ ಕೊಡುವವರಿಗೂ ಹೊಣೆ ಇದೆ



ಸಾಲ ತಗೊಂಡವರು ಕಂತು ಸರಿಯಾಗಿ ಕಟ್ಟಬೇಕು ಅಂತ ನಾವು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಸಾಲ ಕೊಡುವವರ ಹೊಣೆಯ ಬಗ್ಗೆ ಮಾತಾಡಿದ್ದು ಕಡಿಮೆ. ಈ ಸಲ ಅದನ್ನೇ ಕಲಿಯೋಣ. ಯಾಕೆಂದರೆ ಸಂಘ ಕಟ್ಟಿದ ದಿನದಿಂದ ನೀವೂ ಸಾಲ ಕೊಡುವವರೇ.

ಒಂದು ಮಳೆಗಾಲ ಸೋಮವಾರಪೇಟೆ ಹತ್ತಿರದ ಒಂದು ಸಂಘದ ಸಭೆಗೆ ಹೋಗಿದ್ದೆವು. ಲೈನ್ ಮನೆಯ ಸದಸ್ಯೆಯೊಬ್ಬರು 10,000 ರೂಪಾಯಿ ಕೇಳಿದರು. ಕಾರಣ "ಮನೆ ಖರ್ಚು" ಎಂದಿತ್ತು. ಹತ್ತಿರ ಕೂತು ಕೇಳಿದಾಗ ಅತ್ತುಬಿಟ್ಟರು. ನಾಲ್ಕು ಕಡೆ ಸಾಲ ಇತ್ತು. ಒಂದರ ಕಂತು ಕಟ್ಟಲು ಇನ್ನೊಂದು ತಗೊಂಡಿದ್ದರು. ಸಂಘದ ದುಡ್ಡೂ ಮರುದಿನದ ಕಂತಿಗೇ ಹೋಗುವುದಿತ್ತು. "ನಿಮಗೆ ಬೇರೆ ಎಷ್ಟು ಸಾಲ ಇದೆ?" ಎಂದು ಆ ನಾಲ್ವರೂ ಸರಿಯಾಗಿ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಅಲ್ಲಿಯವರೆಗೆ ಸಂಘವೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ದುಡ್ಡು ಯಾರದ್ದು?

ಬ್ಯಾಂಕು ಸಾಲ ಕೊಡುವುದು ಹೆಚ್ಚಾಗಿ ಠೇವಣಿ ಇಟ್ಟವರ ದುಡ್ಡಿನಿಂದ. ಸಂಘದಲ್ಲೂ ಹಾಗೆಯೇ. ಒಂದು ಲೆಕ್ಕ ನೋಡಿ. 15 ಜನ ವಾರಕ್ಕೆ 50 ರೂ. ಉಳಿಸಿದರೆ ವರ್ಷಕ್ಕೆ 39,000, ಎರಡು ವರ್ಷಕ್ಕೆ 78,000 ರೂ. ಅದರಲ್ಲಿ 60,000 ಸದಸ್ಯರ ಕೈಯಲ್ಲಿ ಸಾಲವಾಗಿದೆ, 18,000 ಪಾಸ್‌ಬುಕ್ಕಿನಲ್ಲಿದೆ. ಮೂವರು ತಲಾ 10,000 ತಗೊಂಡು ಕಟ್ಟಲಿಲ್ಲ ಎನ್ನಿ. ಜೂನ್‌ನಲ್ಲಿ ಇಬ್ಬರು ಮಕ್ಕಳ ಫೀಸಿಗೆ 25,000 ಕೇಳಿದರೆ ಕೊಡಲು ದುಡ್ಡಿಲ್ಲ. ತಪ್ಪಿಲ್ಲದವರು ಬರಿಗೈಯಲ್ಲಿ ಹೋಗಬೇಕು. ಆಮೇಲೆ "ನನ್ನ ಉಳಿತಾಯ ವಾಪಸ್ ಕೊಡಿ" ಅಂತ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಸಂಘ ಮುರಿಯುವುದು ಹೀಗೆ. ದೊಡ್ಡ ಬ್ಯಾಂಕು ಮುರಿಯುವುದೂ ಹೀಗೇ.

1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಸಾವಿರಾರು ಕುಟುಂಬಗಳ ದುಡ್ಡು ಸಿಕ್ಕಿಬಿತ್ತು. ಆ ನಂತರವೇ 1962ರಿಂದ ನಮ್ಮ ದೇಶದಲ್ಲಿ ಠೇವಣಿಗೆ ವಿಮೆ ಬಂತು. 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಆದರೆ ಸಂಘದ ಒಳಗಿನ ಉಳಿತಾಯಕ್ಕೆ ಆ ವಿಮೆ ಇಲ್ಲ. ನಮ್ಮ ಎಚ್ಚರವೇ ನಮಗೆ ವಿಮೆ.

ಕೇಳದೆ ಕೊಟ್ಟರೆ ಏನಾಗುತ್ತದೆ?

1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. ಮೊದಲು ಉಳಿತಾಯ, ಆಮೇಲೆ ಸಾಲ ಎಂಬುದು ಅದರ ಕ್ರಮ. ನಂತರ ಬಂದ ಅನೇಕ ಕಿರುಸಾಲ ಕಂಪೆನಿಗಳು ಉಳಿತಾಯವಿಲ್ಲದೆ ನೇರವಾಗಿ ಸಾಲ ಕೊಟ್ಟವು. ಒಂದೇ ಬೀದಿಗೆ ನಾಲ್ಕೈದು ಕಂಪೆನಿ ಬಂದವು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದಂಥ ರೇಷ್ಮೆ ಊರುಗಳಲ್ಲಿ ಜನ ಒಟ್ಟಾಗಿ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಮರುವರ್ಷ ಆಂಧ್ರದಲ್ಲಿ ಇನ್ನೂ ದೊಡ್ಡದಾಗಿ ಹಾಗೇ ಆಯಿತು. ಕಂಪೆನಿಗಳಿಗೆ ಬ್ಯಾಂಕುಗಳೂ ಸಾಲ ಕೊಡಲು ಹಿಂಜರಿದವು. ಕೊನೆಗೆ, ಸರಿಯಾಗಿ ಕಟ್ಟುತ್ತಿದ್ದ ಬಡ ಹೆಂಗಸಿಗೂ ಸಾಲ ಹುಟ್ಟಲಿಲ್ಲ. ಕೊಡುವವರ ಅವಸರಕ್ಕೆ ತಗೊಂಡವರು ಮಾನ ತೆತ್ತರು, ಕೊಟ್ಟವರು ದುಡ್ಡು ಕಳಕೊಂಡರು.

ಒಳ್ಳೆಯ ಸಾಲದಾತರ ನಾಲ್ಕು ಗುಣ

1. ಕೇಳುತ್ತಾರೆ: ಯಾಕೆ ಬೇಕು, ಬೇರೆ ಎಲ್ಲಿ ಸಾಲ ಇದೆ, ಯಾವ ದುಡಿಮೆಯಿಂದ ಕಟ್ಟುತ್ತೀರಿ?

2. ಅಳೆಯುತ್ತಾರೆ: ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲ ಕೊಡುವಾಗ, ಕುಟುಂಬದ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅರ್ಧ ಎಂಬುದು ಮಿತಿ, ಗುರಿ ಅಲ್ಲ. ನಮ್ಮ ಕಡೆ ಕಾಫಿ ಕೊಯ್ಲಿನಲ್ಲಿ ತಿಂಗಳಿಗೆ 16,000 ಬರುವ ಮನೆಗೆ ಮಳೆಗಾಲದಲ್ಲಿ 6,000 ಬಂದರೆ ಹೆಚ್ಚು. ಹಾಗಾಗಿ ಮಳೆಗಾಲದ ಆದಾಯ ನೋಡಿ ಕಂತು ಹಾಕಿ. ಕೊಯ್ಲಿನ ಕಾಲದಲ್ಲಿ ಹೆಚ್ಚು ಕಟ್ಟಲಿ.

3. ಕಷ್ಟದಲ್ಲಿ ತಾಳುತ್ತಾರೆ: 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು ಯಾರು ಮರೆತಾರು? ಇಂಥ ವಿಕೋಪದಲ್ಲಿ ಸಾಲದ ಅವಧಿ ಹೆಚ್ಚಿಸಲು ಬ್ಯಾಂಕುಗಳಿಗೂ ನಿಯಮದಲ್ಲಿ ಅವಕಾಶವಿದೆ. ಬೀಸುವ ಕಲ್ಲನ್ನು ಅಡವು ಇಟ್ಟುಕೊಳ್ಳಬೇಡಿ, ಅದು ಜೀವವನ್ನೇ ಅಡವು ಇಟ್ಟುಕೊಂಡಂತೆ ಎಂಬ ಅರ್ಥದ ಮಾತು ಬೈಬಲಿನಲ್ಲಿದೆ. ಅನ್ನದ ದಾರಿ ಮುಚ್ಚಿ ಸಾಲ ವಸೂಲಿ ಮಾಡಬಾರದು.

4. ಬೇಡ ಎನ್ನಲೂ ಬಲ್ಲರು: ಕಟ್ಟಲಾಗದ ಸಾಲ ಕೊಡುವುದು ದಯೆಯಲ್ಲ.

ಕಾನೂನು ಏನು ಹೇಳುತ್ತದೆ?

ಕಿರುಸಾಲದ ವಸೂಲಿಗೆ ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಬಡ್ಡಿ, ಖರ್ಚು ಎಲ್ಲಾ ಬರೆದ ವಿವರ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಇಲ್ಲ. ತೊಂದರೆ ಆದರೆ ಮೊದಲು ಆ ಸಂಸ್ಥೆಗೇ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. "ಎಲ್ಲಾ ಸಾಲ ಮನ್ನಾ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಕಂಪೆನಿಗಳ ಸಾಲಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ. ಆ ಸಾಲ ಕಟ್ಟಲೇಬೇಕು.

ಆ ಸದಸ್ಯೆಯ ಕಥೆ ಏನಾಯಿತು ಎನ್ನುತ್ತೀರಾ? ಸಂಘ 10,000 ಕೊಡಲಿಲ್ಲ. ಅಕ್ಕಿ-ಸಾಮಾನಿಗೆಂದು 2,000 ಕೊಟ್ಟಿತು. ನಾಲ್ಕೂ ಸಾಲಗಳನ್ನು ಒಂದು ಹಾಳೆಯಲ್ಲಿ ಬರೆದೆವು. ಪ್ರತಿನಿಧಿಗಳಿಬ್ಬರು ಅವರ ಜೊತೆ ಹೋಗಿ ಕಂತು ಕಡಿಮೆ ಮಾಡಿ ಎಂದು ಕೇಳಿದರು. ಒಂದು ಕಡೆ ಒಪ್ಪಿದರು, ಉಳಿದ ಕಡೆ ಒಪ್ಪಲಿಲ್ಲ. ಕಷ್ಟ ಪೂರ್ತಿ ತೀರಲಿಲ್ಲ. ಆದರೆ ಐದನೇ ಸಾಲ ಆಗಲಿಲ್ಲ, ಅವರು ಸಂಘ ಬಿಟ್ಟೂ ಹೋಗಲಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿ

- ಸಾಲ ಕೊಡುವ ಮೊದಲು ಬೇರೆ ಸಾಲಗಳ ವಿವರ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಯುತ್ತೇವೆಯೇ?
- ನಮ್ಮ ಕಂತುಗಳು ಮಳೆಗಾಲಕ್ಕೆ ಹೊಂದುತ್ತವೆಯೇ?
- ಒಬ್ಬ ಸದಸ್ಯೆ ಕಷ್ಟ ಹೇಳಿಕೊಳ್ಳಲು ನಾಚುತ್ತಿದ್ದರೆ, ಕಾರಣ ಅವರೋ, ನಾವೋ?