ಸರ್ಪಸುತ್ತು: ಮೈಯೊಳಗೆ ಅಡಗಿದ ಸೀತಾಳೆ ಸಿಡುಬಿನ ಮರುಹುಟ್ಟು

ಜೇಕಿನ ಕಾಟವನ್ನು ಅರಿಯದ ರೈತನಿಲ್ಲ. ಮಾಗಿ ಉಳುಮೆ ಮಾಡಿ, ಕುಂಟೆ ಹೊಡೆದು, ಆಳು ಹಚ್ಚಿ ಕೀಳಿಸಿದ ಮೇಲೆ ಹೊಲ ಹಸನಾಗಿ ಕಾಣುತ್ತದೆ. ಆದರೆ ಮಣ್ಣಿನೊಳಗೆ ಸರಪಳಿಯಂತೆ ಹೆಣೆದುಕೊಂಡ ಅದರ ಗಡ್ಡೆಗಳು ಸುಪ್ತಾವಸ್ಥೆಯಲ್ಲಿ ಉಳಿದಿರುತ್ತವೆ. ಬೆಳೆ ಹುಲುಸಾಗಿ ಬೆಳೆದು ನೆಲಕ್ಕೆ ನೆರಳು ಕಟ್ಟಿರುವವರೆಗೆ ಅವು ತಲೆ ಎತ್ತುವುದು ಕಡಿಮೆ. ಬೆಳೆ ಸೊರಗಿ ನೆಲಕ್ಕೆ ಬಿಸಿಲು ಬಿದ್ದರೆ ಸಾಕು, ಎಂಟು ದಿನದೊಳಗೆ ಸಾಲು ಸಾಲಾಗಿ ಮೊಳೆಯುತ್ತವೆ.

ಮನುಷ್ಯನ ಶರೀರದಲ್ಲಿಯೂ ಹೀಗೆ ಅಡಗಿ ಕುಳಿತು ಹೊತ್ತು ಕಾಯುವ ಕೆಲವು ವೈರಸ್‌ಗಳಿವೆ. ಅವುಗಳಲ್ಲಿ ಹಳ್ಳಿಗರಿಗೆ ಹೆಚ್ಚು ಪರಿಚಿತವಾದುದು ಸೀತಾಳೆ ಸಿಡುಬಿನ ವೈರಸ್. ಇದು ಹಿಂದೆ ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ದೊಡ್ಡ ಸಿಡುಬಲ್ಲ. ಆ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು. ಸೀತಾಳೆ ಸಿಡುಬು ಬೇರೆಯೇ ಕುಲಕ್ಕೆ ಸೇರಿದ್ದು. ಮಕ್ಕಳಿಗೆ ಬಂದು, ಮೈಮೇಲೆ ನೀರುಗುಳ್ಳೆ ಎಬ್ಬಿಸಿ, ಒಂದೆರಡು ವಾರದಲ್ಲಿ ಒಣಗಿ ಹೋಗುತ್ತದೆ. ಮನೆಯವರು ಬೇವಿನ ಸೊಪ್ಪಿನ ನೀರೆರೆದು, ಅಮ್ಮ ಇಳಿದಳೆಂದು ನೆಮ್ಮದಿಪಡುತ್ತಾರೆ. ಗುಳ್ಳೆಗಳು ಹೋಗುವುದೇನೋ ನಿಜ. ವೈರಸ್ ಮಾತ್ರ ಹೋಗಿರುವುದಿಲ್ಲ.

ಒಂದೇ ವೈರಸ್, ಎರಡು ರೋಗ

ಸೀತಾಳೆ ಸಿಡುಬು ಬಂದಾಗ ವೈರಸ್ ಚರ್ಮದಿಂದ ಸ್ಪರ್ಶಜ್ಞಾನದ ನರಗಳ ಮೂಲಕವೂ ರಕ್ತದ ಮೂಲಕವೂ ಒಳಸರಿದು ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳನ್ನು ಸೇರುತ್ತದೆ. ಮುಖದ ನರಗಳ ಬುಡದಲ್ಲಿರುವ ಗಂಟುಗಳೂ ಇದಕ್ಕೆ ಆಶ್ರಯ ಕೊಡುತ್ತವೆ. ಅಲ್ಲಿ ಅದು ಮರಿ ಮಾಡುವುದಿಲ್ಲ, ಕೋಶವನ್ನು ಕೊಲ್ಲುವುದಿಲ್ಲ, ತನ್ನ ವಂಶದ್ರವ್ಯವನ್ನಷ್ಟೇ ಉಳಿಸಿಕೊಂಡು ಸುಮ್ಮನಿರುತ್ತದೆ. ಹೀಗೆ ಹತ್ತು ವರ್ಷ ಇರಬಹುದು, ಅರವತ್ತು ವರ್ಷವೂ ಇರಬಹುದು. ಎಷ್ಟೋ ಜನರಲ್ಲಿ ಸಾಯುವವರೆಗೂ ಏಳುವುದಿಲ್ಲ. ಎದ್ದರೆ ಒಂದು ನರಗಂಟಿನಿಂದ ಹೊರಟು ಅದೇ ನರದ ಗುಂಟ ಚರ್ಮಕ್ಕೆ ಬಂದು, ಆ ನರ ಹರಡಿರುವಷ್ಟು ಪಟ್ಟಿಯಲ್ಲಿ ಮಾತ್ರ ಗುಳ್ಳೆ ಎಬ್ಬಿಸುತ್ತದೆ. ಜನರು ಸರ್ಪಸುತ್ತು, ಸರ್ಪಹುಣ್ಣು ಎಂದು ಕರೆಯುವುದು ಇದನ್ನೇ.

ಇವೆರಡಕ್ಕೂ ನಂಟಿದೆಯೆಂಬ ಗುಮಾನಿಯನ್ನು ಹಂಗೇರಿಯ ಮಕ್ಕಳ ವೈದ್ಯ ಬೊಕಾಯ್ 19ನೆಯ ಶತಮಾನದ ಕೊನೆಯಲ್ಲಿಯೇ ಹೇಳಿದ್ದರು. ಹಿರಿಯರಿಗೆ ಸರ್ಪಸುತ್ತಾದ ಮನೆಗಳಲ್ಲಿ ಕೆಲವು ದಿನಗಳ ನಂತರ ಮಕ್ಕಳಿಗೆ ಸೀತಾಳೆ ಸಿಡುಬು ಏಳುವುದನ್ನು ಅವರು ಕಂಡಿದ್ದರು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ರೋಗಗಳ ಗುಳ್ಳೆಗಳಿಂದ ವೈರಸ್ ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿ, ಎರಡೂ ಒಂದೇ ಎಂದು ತೋರಿಸಿದರು. ಆದರೆ ಇಡೀ ಕಥೆಯನ್ನು ಕೂಡಿಸಿದವರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದ ಸಾಮಾನ್ಯ ವೈದ್ಯ ಹೋಪ್-ಸಿಂಪ್ಸನ್. ತಮ್ಮಲ್ಲಿಗೆ ಬಂದ ರೋಗಿಗಳ ವಿವರವನ್ನು ಹದಿನಾರು ವರ್ಷ ಪಟ್ಟಿ ಮಾಡಿ 1965ರಲ್ಲಿ ಅವರು ಪ್ರಕಟಿಸಿದ ಲೇಖನ ಇಂದಿಗೂ ಆಧಾರವಾಗಿ ನಿಂತಿದೆ. ವೈರಸ್ ಹೊರಗಿನಿಂದ ಹೊಸದಾಗಿ ಬರುವುದಲ್ಲ, ಒಳಗೇ ಇರುತ್ತದೆ. ಅದನ್ನು ಅದುಮಿಟ್ಟಿರುವುದು ದೇಹದ ರೋಗ ನಿರೋಧಕ ಶಕ್ತಿ. ಆ ಶಕ್ತಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಅದು ಏಳುತ್ತದೆ ಎಂಬುದು ಅವರ ವಾದದ ತಿರುಳು. ಹೊಲದ ಬದುವಿನಲ್ಲಿ ನಿಂತು ದಿನಚರಿ ಬರೆದಿಡುವ ಗ್ರಾಮಸೇವಕನಿಗೆ ಇದರಲ್ಲಿ ಧೈರ್ಯ ತುಂಬುವ ಸಂಗತಿಯಿದೆ.

ಕಾವಲು ಸಡಿಲಗೊಳ್ಳುವ ಬಗೆ

ರೋಗ ನಿರೋಧಕ ಶಕ್ತಿಯೆಂದರೆ ಒಂದೇ ವಸ್ತುವಲ್ಲ. ರಕ್ತದಲ್ಲಿ ತೇಲುವ ಪ್ರತಿಕಾಯಗಳು ಒಂದು ಬಗೆ. ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ನಾಶ ಮಾಡುವ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಇನ್ನೊಂದು ಬಗೆ. ವಯಸ್ಸಾದವರಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಬೇಕಾದಷ್ಟು ಇರುತ್ತವೆ, ಆದರೂ ಸರ್ಪಸುತ್ತು ಬರುತ್ತದೆ. ಏಕೆಂದರೆ ನರಗಂಟಿನ ಬಾಗಿಲು ಕಾಯುವುದು ಟಿ-ಕೋಶಗಳು. ಇವುಗಳ ಚುರುಕು ಐವತ್ತರ ನಂತರ ಕುಗ್ಗುತ್ತಾ ಬರುತ್ತದೆ. ಅಮೆರಿಕದ ಅಂದಾಜಿನಂತೆ ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ರೋಗ ಬರುತ್ತದೆ.

ವಯಸ್ಸಲ್ಲದೆ ಬೇರೆ ಕಾರಣಗಳೂ ಇವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ, ಅಂಗ ಕಸಿಯ ನಂತರದ ಔಷಧಿಗಳು ಇವೆಲ್ಲ ಕಾವಲನ್ನು ಸಡಿಲಿಸುತ್ತವೆ. ಗ್ರಾಮಾಂತರದಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಸ್ಟೆರಾಯ್ಡ್ ವಿಷಯ. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಮಾತ್ರೆ, ತಿಂಗಳಿಗೊಂದು ಸೂಜಿಮದ್ದು ತೆಗೆದುಕೊಳ್ಳುವವರು ಅನೇಕರಿದ್ದಾರೆ. ನೋವು ಥಟ್ಟನೆ ಇಳಿಯುವುದರಿಂದ ಅದು ಒಳ್ಳೆಯ ಮದ್ದೆಂದೇ ಹೆಸರಾಗಿರುತ್ತದೆ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ನೋವಿನೊಡನೆ ದೇಹದ ಕಾವಲುಪಡೆಯೂ ತಣ್ಣಗಾಗುತ್ತದೆ. ಆದರೆ ವೈದ್ಯರೇ ಬರೆದುಕೊಟ್ಟ ಸ್ಟೆರಾಯ್ಡನ್ನು ಈ ಲೇಖನ ಓದಿ ಏಕಾಏಕಿ ನಿಲ್ಲಿಸಬಾರದು. ಅದು ಇನ್ನೂ ಅಪಾಯ.

ಹರೆಯದವರಿಗೆ ಸರ್ಪಸುತ್ತು ಕಾಣಿಸಿಕೊಂಡರೆ, ಅದರಲ್ಲಿಯೂ ಒಂದಕ್ಕಿಂತ ಹೆಚ್ಚು ಪಟ್ಟಿಗಳಲ್ಲಿ ಎದ್ದರೆ ಅಥವಾ ಮತ್ತೆ ಮತ್ತೆ ಬಂದರೆ, ಎಚ್‌ಐವಿ ಪರೀಕ್ಷೆ ಮಾಡಿಸುವುದು ಜಾಣತನ. ಪರೀಕ್ಷೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಗುಟ್ಟನ್ನೂ ಕಾಯುತ್ತಾರೆ. ಸರ್ಪಸುತ್ತು ಬಂದವರಿಗೆಲ್ಲ ಆ ಸೋಂಕು ಇದೆಯೆಂದು ಇದರ ಅರ್ಥವಲ್ಲ. ಹೆಚ್ಚಿನವರಲ್ಲಿ ವಯಸ್ಸಿನ ಹೊರತು ಬೇರೆ ಕಾರಣ ಸಿಗುವುದಿಲ್ಲ.

ಗುರುತಿಸುವುದು ಹೇಗೆ?

ಗುಳ್ಳೆಗಿಂತ ಮೊದಲು ನೋವು ಬರುತ್ತದೆ. ಎದೆಯ, ಸೊಂಟದ ಅಥವಾ ಮುಖದ ಒಂದು ಮಗ್ಗುಲಲ್ಲಿ ಉರಿ, ಜುಮುಜುಮು, ಚುಚ್ಚಿದಂಥ ನೋವು ಎರಡು ಮೂರು ದಿನ ಕಾಡುತ್ತದೆ. ಅಂಗಿ ತಾಗಿದರೂ ಸಹಿಸಲಾಗುವುದಿಲ್ಲ. ಮೂಟೆ ಎತ್ತುವಾಗ ಉಳುಕಿರಬೇಕೆಂದು ಕೆಲವರು ಎಣ್ಣೆ ತಿಕ್ಕಿಸುತ್ತಾರೆ; ಎಡಗಡೆಯಾದರೆ ಹೃದಯದ ನೋವೆಂದು ಹೆದರುತ್ತಾರೆ (ಎದೆನೋವಿಗೆ ಹೆದರಿ ಆಸ್ಪತ್ರೆಗೆ ಹೋದರೆ ನಷ್ಟವೇನೂ ಇಲ್ಲ). ಆಮೇಲೆ ಕೆಂಪು ಕಲೆ, ಅದರ ಮೇಲೆ ದ್ರಾಕ್ಷಿಯ ಗೊಂಚಲಿನಂತೆ ನೀರುಗುಳ್ಳೆಗಳು. ಏಳರಿಂದ ಹತ್ತು ದಿನಕ್ಕೆ ಹಕ್ಕಳೆ ಕಟ್ಟಿ, ಎರಡರಿಂದ ನಾಲ್ಕು ವಾರದಲ್ಲಿ ಮಾಯುತ್ತವೆ.

ರೈತರಲ್ಲಿ ಎರಡು ತಪ್ಪು ಗ್ರಹಿಕೆ ಸಾಮಾನ್ಯ. ಬೆನ್ನಿಗೆ ಕಟ್ಟುವ ಸಿಂಪರಣಾ ಯಂತ್ರ ಸೋರಿ ಕೀಟನಾಶಕ ತಾಗಿದ ಕಡೆಯೂ ಚರ್ಮ ಬೆಂದು ಗುಳ್ಳೆ ಏಳಬಹುದು. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು ಕಪ್ಪು ಬಣ್ಣದ ಒಂದು ಸಣ್ಣ ಹುಳುವನ್ನು ಮೈಮೇಲೆ ಉಜ್ಜಿಕೊಂಡರೂ ಗೆರೆ ಎಳೆದಂತೆ ಬೊಕ್ಕೆ ಬರುತ್ತದೆ. ಮದ್ದು ಸೋರಿದ ಗಾಯ ನಡುಬೆನ್ನನ್ನು ದಾಟಿ ಎರಡೂ ಕಡೆ ಹರಡಬಲ್ಲುದು. ಸರ್ಪಸುತ್ತು ದೇಹದ ನಟ್ಟನಡುವಿನ ಗೆರೆಯ ಬಳಿ ಅಳತೆ ಹಿಡಿದಂತೆ ನಿಲ್ಲುತ್ತದೆ.

ಸುತ್ತು ಪೂರ್ತಿಯಾಗಿ ಹಾವಿನ ತಲೆ ಬಾಲಕ್ಕೆ ಕೂಡಿದರೆ ಸಾವು ಖಂಡಿತ ಎಂಬ ಭಯಕ್ಕೆ ಇಲ್ಲಿಯೇ ಉತ್ತರವಿದೆ. ಬಲಗಡೆಯ ನರ ಬಲಗಡೆಯ ಚರ್ಮಕ್ಕೆ, ಎಡಗಡೆಯದು ಎಡಕ್ಕೆ. ಒಂದು ನರಗಂಟಿನಿಂದ ಎದ್ದ ವೈರಸ್ ಸೊಂಟವನ್ನು ಸುತ್ತಿ ಬರಲು ದಾರಿಯೇ ಇಲ್ಲ.

ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸುವ ವಾಡಿಕೆಯ ಬಗ್ಗೆಯೂ ಒಂದು ಮಾತು. ಮಂತ್ರ ಹಾಕಿದವರಿಗೆ ಗುಣವಾದದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂದು ಊರಿನವರು ಹೇಳುವುದು ಸುಳ್ಳಲ್ಲ. ಗುಳ್ಳೆಗಳು ಏನೂ ಮಾಡದಿದ್ದರೂ ಮೂರು ವಾರದಲ್ಲಿ ಒಣಗುತ್ತವೆ, ಕೀರ್ತಿ ಕೊನೆಯಲ್ಲಿ ಮುಟ್ಟಿದವರ ಪಾಲಿಗೆ ಬರುತ್ತದೆ. ಹುಣ್ಣು ಮಾಯ್ದ ಆರು ತಿಂಗಳ ಮೇಲೂ ಅದೇ ಮನುಷ್ಯ ನೋವಿನಿಂದ ನಿದ್ದೆಗೆಟ್ಟಿರುವುದನ್ನು ಯಾರೂ ಮಂತ್ರದ ಲೆಕ್ಕಕ್ಕೆ ಬರೆಯುವುದಿಲ್ಲ. ಒಡೆದ ಗುಳ್ಳೆಯ ಮೇಲೆ ಮಣ್ಣು ಮೆತ್ತಿದರೆ ಕೀವು ಹಿಡಿಯುವ ಸಂಭವವೂ ಇದೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಕೈಬಿಟ್ಟು ಹೋಗುವ ಮೂರು ದಿನ.

ಎಪ್ಪತ್ತೆರಡು ಗಂಟೆಯ ಲೆಕ್ಕ

ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಆರಂಭಿಸಿದರೆ ರೋಗದ ಅವಧಿಯೂ ತೀವ್ರತೆಯೂ ಕಡಿಮೆಯಾಗುತ್ತವೆ. ಇದಕ್ಕೆ ಬಳಸುವ ಅಸೈಕ್ಲೋವಿರ್ ಹಳೆಯ ಮದ್ದು, ಈಗ ದುಬಾರಿಯೂ ಅಲ್ಲ. ಇದು ಹುಟ್ಟಿದ ಪ್ರಯೋಗಶಾಲೆಯ ಮುಖ್ಯಸ್ಥೆ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಕೆಲವು ಆಯ್ದ ಕಳೆನಾಶಕಗಳು ಕಳೆಯ ಒಡಲಿನಲ್ಲಿ ಮಾತ್ರ ವಿಷವಾಗಿ ಮಾರ್ಪಟ್ಟು ಬೆಳೆಯನ್ನು ಉಳಿಸುತ್ತವೆ. ಅಸೈಕ್ಲೋವಿರ್ ಕೂಡ ಅಂಥದೇ. ವೈರಸ್ಸಿನ ಸ್ವಂತ ಕಿಣ್ವವೇ ಅದನ್ನು ಚುರುಕುಗೊಳಿಸುವುದರಿಂದ ಸೋಂಕು ಹತ್ತಿದ ಕೋಶಗಳಲ್ಲಿ ಅದರ ಕೆಲಸ ನಡೆಯುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಐದು ಸಲ, ಏಳು ದಿನ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ತಗ್ಗಿಸಬೇಕಾಗುವುದರಿಂದ ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ನರಗಂಟಿನಲ್ಲಿ ಮಲಗಿರುವ ವೈರಸ್ಸನ್ನು ಈ ಮದ್ದು ಮುಟ್ಟಲಾರದು. ಸುಪ್ತ ಗಡ್ಡೆಯನ್ನು ಎಲೆಗೆ ಹೊಡೆದ ಮದ್ದು ಕೊಲ್ಲದ ಹಾಗೆಯೇ ಇದು.

ಹಣೆ, ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಒಂದು ದಿನವೂ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮೂಗಿನ ತುದಿಗೆ ಹೋಗುವ ನರದ ಕವಲೇ ಕಣ್ಣಿಗೂ ಹೋಗುವುದರಿಂದ ದೃಷ್ಟಿ ಕಳೆದುಕೊಳ್ಳುವ ಭಯವಿದೆ. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಓರೆಯಾದರೂ ಅಷ್ಟೇ ತುರ್ತು.

ಹುಣ್ಣು ಮಾಯ್ದ ಮೇಲೆ

ರೋಗಿಗಳಲ್ಲಿ ಶೇಕಡಾ 10ರಿಂದ 18ರಷ್ಟು ಮಂದಿಗೆ ಹುಣ್ಣು ಮಾಯ್ದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನರದ ನೋವು ಉಳಿಯುತ್ತದೆ. ವಯಸ್ಸು ಹೆಚ್ಚಿದಷ್ಟೂ ಈ ಸಂಭವ ಹೆಚ್ಚು. ನೇಗಿಲು ಹಿಡಿಯುವುದಿರಲಿ, ಹೆಗಲ ಮೇಲೆ ಟವೆಲ್ ಹಾಕಿಕೊಳ್ಳುವುದೂ ಕಷ್ಟ. ಸಾಮಾನ್ಯ ನೋವಿನ ಮಾತ್ರೆಗೆ ಇದು ಬಗ್ಗದು. ನರದ ನೋವಿಗೆಂದೇ ಬೇರೆ ಔಷಧಿಗಳಿವೆ. ನೋವಿನ ಅಂಗಡಿ ಮಾತ್ರೆ ನುಂಗಿ ಮೂತ್ರಪಿಂಡ ಹಾಳುಮಾಡಿಕೊಳ್ಳುವುದಕ್ಕಿಂತ ಅವನ್ನು ಕೇಳಿ ಪಡೆಯುವುದು ಮೇಲು. ರೋಗದ ನಂತರದ ಕೆಲವು ತಿಂಗಳು ಪಾರ್ಶ್ವವಾಯುವಿನ ಅಪಾಯವೂ ಸ್ವಲ್ಪ ಹೆಚ್ಚಿರುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

2025ರಲ್ಲಿ ಪ್ರಕಟವಾದ ವೇಲ್ಸ್ ದೇಶದ ಅಧ್ಯಯನವೊಂದು ಕೃಷಿ ಪ್ರಯೋಗದ ತಾಕುಗಳನ್ನು ನೆನಪಿಸುತ್ತದೆ. ಅಲ್ಲಿ 2013ರ ಸೆಪ್ಟೆಂಬರಿನಲ್ಲಿ ಸರ್ಪಸುತ್ತಿನ ಲಸಿಕೆ ಕೊಡಲು ಆರಂಭಿಸಿದಾಗ, 1933ರ ಸೆಪ್ಟೆಂಬರ್ 2ಕ್ಕಿಂತ ಮೊದಲು ಹುಟ್ಟಿದವರನ್ನು ಹೊರಗಿಟ್ಟರು. ಹೀಗಾಗಿ ಕೆಲವೇ ವಾರಗಳ ಅಂತರದಲ್ಲಿ ಹುಟ್ಟಿದ, ಬೇರೆಲ್ಲ ರೀತಿಯಲ್ಲಿ ಸರಿಸಮಾನರಾದ ಎರಡು ಗುಂಪುಗಳು ತಾವಾಗಿಯೇ ಸಿದ್ಧವಾದವು: ಒಂದು ಉಪಚರಿಸಿದ ತಾಕು, ಇನ್ನೊಂದು ಹಾಗೆಯೇ ಬಿಟ್ಟ ತಾಕು. ಏಳು ವರ್ಷಗಳ ಲೆಕ್ಕ ತೆಗೆದಾಗ ಲಸಿಕೆ ಪಡೆದವರಲ್ಲಿ ಮರೆವಿನ ಕಾಯಿಲೆ ಸುಮಾರು ಐದನೇ ಒಂದು ಪಾಲು ಕಡಿಮೆಯಾಗಿತ್ತು. ಹೆಂಗಸರಲ್ಲಿ ಫಲ ಹೆಚ್ಚು. ವೈರಸ್ಸಿನ ಮರುಹುಟ್ಟು ತಪ್ಪಿದ್ದರಿಂದಲೋ, ಲಸಿಕೆಯು ಒಟ್ಟಾರೆ ರೋಗ ನಿರೋಧಕ ಶಕ್ತಿಯನ್ನು ಎಚ್ಚರಿಸಿದ್ದರಿಂದಲೋ ಎಂಬುದರ ಚರ್ಚೆ ನಡೆದಿದೆ.

ಇದೇ ಕುಲದ ಸೈಟೊಮೆಗಾಲೊ ವೈರಸ್ ಕೂಡ ಹೀಗೆ ಜೀವಮಾನವೆಲ್ಲ ಒಳಗಿರುತ್ತದೆ. ಅದು ಇರುವವರಲ್ಲಿ ಅನುಭವಸ್ಥ ಟಿ-ಕೋಶಗಳ ಸರಾಸರಿ ಹತ್ತನೇ ಒಂದು ಭಾಗ ಅದೊಂದನ್ನು ಕಾಯುವುದಕ್ಕೇ ಮೀಸಲಾಗಿರುತ್ತದೆ. ಊರಿನ ಕಾವಲುಗಾರರಲ್ಲಿ ಇಷ್ಟು ಮಂದಿಯನ್ನು ಒಂದೇ ಮನೆಯ ಬಾಗಿಲಿಗೆ ನಿಲ್ಲಿಸಿದರೆ ಮುಪ್ಪಿನಲ್ಲಿ ಉಳಿದ ಬೀದಿಗಳ ಗತಿಯೇನು ಎಂಬುದು ವಿಜ್ಞಾನಿಗಳ ಪ್ರಶ್ನೆ.

ಲಸಿಕೆ

ಶಿಂಗ್ರಿಕ್ಸ್ ಎಂಬ ಲಸಿಕೆ ಅಮೆರಿಕದಲ್ಲಿ 2017ರಲ್ಲಿ, ಭಾರತದಲ್ಲಿ 2023ರಲ್ಲಿ ಬಳಕೆಗೆ ಬಂದಿತು. ಇದರಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನು ಮಾತ್ರ ಇದೆ. ಐವತ್ತು ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ. ಪ್ರಯೋಗಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ರಕ್ಷಣೆ ಕಂಡುಬಂದಿದೆ. ಟಿ-ಕೋಶಗಳನ್ನು ಬಡಿದೆಬ್ಬಿಸಲು ಇದಕ್ಕೆ ಬೆರೆಸುವ ವಸ್ತುಗಳಲ್ಲೊಂದು ಚಿಲಿ ದೇಶದ ಮರವೊಂದರ ತೊಗಟೆಯ ಸಾರ. ಅಂಟುವಾಳ ಕಾಯಿಯಂತೆ ನೊರೆ ಬರುವ ಗುಣ ಆ ತೊಗಟೆಗಿದೆ. ಲಸಿಕೆಯ ಬೆಲೆ ಸಣ್ಣ ರೈತನಿಗೆ ಎಟುಕುವಂಥದಲ್ಲ, ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದು ಸೇರಿಲ್ಲ. ಅನುಕೂಲವಿದ್ದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ವೈದ್ಯರೊಡನೆ ಸಮಾಲೋಚಿಸಬಹುದು.

ಸರ್ಪಸುತ್ತು ಬಂದವರಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಹಿಂದೆ ಸೀತಾಳೆ ಸಿಡುಬು ಬಾರದವರಿಗೆ ಅದು ಬರಬಹುದು. ಉಷ್ಣ ದೇಶಗಳಲ್ಲಿ ಬಾಲ್ಯದಲ್ಲಿ ಅದು ಬಾರದೆ ದೊಡ್ಡವರಾದವರು ಹೆಚ್ಚು, ದೊಡ್ಡವರಿಗೆ ಬಂದರೆ ಅದು ಉಗ್ರವಾಗಿರುತ್ತದೆ. ಆದ್ದರಿಂದ ಗುಳ್ಳೆಗಳನ್ನು ಶುಭ್ರವಾದ ಒಣ ಬಟ್ಟೆಯಿಂದ ಮುಚ್ಚಿ, ರೋಗಿಯ ಟವೆಲ್ ಬೇರೆ ಇಟ್ಟು, ಮನೆಯ ಬಸುರಿ ಮತ್ತು ಎಳೆಗೂಸನ್ನು ದೂರವಿರಿಸಬೇಕು. ಎಲ್ಲ ಗುಳ್ಳೆಗಳೂ ಹಕ್ಕಳೆ ಕಟ್ಟಿದ ಮೇಲೆ ಈ ಎಚ್ಚರ ಬೇಕಿಲ್ಲ.