ನಗರದ ರೈಲಿಗೆ ಎಂಜಿನು ಏಕಿಲ್ಲ?

ಮುಂಬಯಿಯ ದಾದರ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಎರಡು ಬಗೆಯ ರೈಲುಗಾಡಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ದೂರದ ಊರಿಗೆ ಹೊರಟ ಗಾಡಿಯ ಮುಂದೆ ಸಾಮಾನ್ಯವಾಗಿ ಭಾರವಾದ ಎಂಜಿನೊಂದಿದ್ದು, ಅದು ಹಿಂದಿನ ಡಬ್ಬಿಗಳನ್ನು ಮೆಲ್ಲಮೆಲ್ಲನೆ ಎಳೆಯತೊಡಗುತ್ತದೆ. ಉಪನಗರಗಳ ಜನರನ್ನು ಹೊತ್ತ ಲೋಕಲ್ ಗಾಡಿಗಾದರೋ ಪ್ರತ್ಯೇಕವಾದ ಎಂಜಿನೇ ಇಲ್ಲ. ಅದು ಹೊರಟ ಕೆಲವೇ ಕ್ಷಣಗಳಲ್ಲಿ ಭರದ ಓಟಕ್ಕೆ ಬರುತ್ತದೆ. ಎರಡೂ ಉಕ್ಕಿನ ಹಳಿಗಳ ಮೇಲೆ ಉಕ್ಕಿನ ಗಾಲಿಗಳಿಂದಲೇ ಓಡುವಾಗ ಈ ವ್ಯತ್ಯಾಸವೇಕೆ?

ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಸುಮಾರು 34 ಕಿಲೋಮೀಟರು ಓಡಿತು. ಅದನ್ನು ಎಳೆದವು ಉಗಿ ಎಂಜಿನುಗಳು. 1925ರ ಫೆಬ್ರವರಿ 3ರಂದು ಅದೇ ನಗರದಲ್ಲಿ, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ, ವಿದ್ಯುತ್ ರೈಲು ಸಂಚಾರ ಆರಂಭವಾಯಿತು. ಇದರಿಂದ ಹೊಗೆಯ ಕಾಟ ತಪ್ಪಿತೆಂಬುದು ನಿಜ. ಆದರೆ ಅದಕ್ಕಿಂತ ಹಿರಿದಾದ ಲಾಭವೊಂದು ಗಾಲಿಗಳ ಅಡಿಯಲ್ಲಿ ಅಡಗಿತ್ತು.

ಗಾಡಿ ಮುಂದೆ ಸಾಗಬೇಕಾದರೆ ಗಾಲಿಯು ಹಳಿಯನ್ನು ಹಿಂದಕ್ಕೆ ಒತ್ತಬೇಕು. ಇವೆರಡರ ನಡುವೆ ಘರ್ಷಣೆ ಸಾಲದೆ ಹೋದರೆ ಗಾಲಿ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಈ ಹಿಡಿತದ ಗರಿಷ್ಠ ಬಲವು ಗಾಲಿಯ ಮೇಲಿರುವ ತೂಕದ ಸುಮಾರು ಕಾಲುಭಾಗವೆಂದು ಇಟ್ಟುಕೊಳ್ಳೋಣ. ಮಳೆಯಲ್ಲಿ ಹಳಿ ನೆನೆದಾಗ ಅದು ಇನ್ನೂ ಕಡಿಮೆಯಾಗುತ್ತದೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಲೆಕ್ಕಕ್ಕೆ ಬರುವುದು ಯಂತ್ರಬಲದಿಂದ ತಿರುಗುವ ಗಾಲಿಗಳ ಮೇಲಿನ ತೂಕ ಮಾತ್ರ. ಸುಮ್ಮನೆ ಉರುಳಿಬರುವ ಡಬ್ಬಿಗಳ ತೂಕ ಎಳೆಯುವುದಕ್ಕೆ ನೆರವಾಗದು.

ಈಗ ಒಂದು ಲೆಕ್ಕವನ್ನು ಮಾಡೋಣ. 120 ಟನ್ನಿನ ಎಂಜಿನು ತನ್ನನ್ನೂ ಸೇರಿಸಿ 1200 ಟನ್ನಿನ ಗಾಡಿಯನ್ನು ಸಾಗಿಸುತ್ತಿದೆಯೆನ್ನೋಣ. ಆಗ ಒಟ್ಟು ತೂಕದ ಹತ್ತನೆಯ ಒಂದು ಭಾಗ ಮಾತ್ರ ಹಿಡಿತಕ್ಕೆ ಒದಗುತ್ತದೆ. ಎಂಜಿನಿನ ಶಕ್ತಿ ಎಷ್ಟೇ ಇರಲಿ, ವೇಗೋತ್ಕರ್ಷವು ಗುರುತ್ವದ ನಲವತ್ತನೆಯ ಒಂದು ಭಾಗವನ್ನು, ಎಂದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 0.25 ಮೀಟರನ್ನು, ಮೀರಲಾರದು. ಇದಕ್ಕೆ ಬದಲಾಗಿ, ಹಲವು ಡಬ್ಬಿಗಳ ಕೆಳಗೆ ಮೋಟಾರುಗಳನ್ನು ಅಳವಡಿಸಿ, ಗಾಡಿಯ ತೂಕದ ಅರ್ಧವನ್ನು ತಿರುಗುವ ಗಾಲಿಗಳ ಮೇಲೆ ಬರುವಂತೆ ಮಾಡಿದರೆ ಈ ಮಿತಿ ಐದು ಪಟ್ಟು ಏರುತ್ತದೆ. ನಿಂತಿರುವ ಪ್ರಯಾಣಿಕರು ಮುಗ್ಗರಿಸಬಾರದಾದ್ದರಿಂದ ನಾವು 1 ಮೀಟರಿಗೇ ತೃಪ್ತರಾಗೋಣ.

ನಿಲ್ದಾಣಗಳ ನಡುವಣ ಅಂತರ 1 ಕಿಲೋಮೀಟರು, ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಮೋಟಾರು ಡಬ್ಬಿಗಳ ಗಾಡಿ 20 ಸೆಕೆಂಡಿನಲ್ಲಿ ಆ ವೇಗವನ್ನು ಮುಟ್ಟಿ, 30 ಸೆಕೆಂಡು ಸಮವೇಗದಲ್ಲಿ ಓಡಿ, 20 ಸೆಕೆಂಡಿನಲ್ಲಿ ನಿಲ್ಲುತ್ತದೆ. ಒಟ್ಟು 70 ಸೆಕೆಂಡು. ಎಂಜಿನಿನ ಗಾಡಿ ಅದೇ ವೇಗವನ್ನು ಮುಟ್ಟುವುದಕ್ಕೆ 80 ಸೆಕೆಂಡೂ 800 ಮೀಟರು ದೂರವೂ ಬೇಕು. ಅಷ್ಟರಲ್ಲಿ ತಡೆ ಹಾಕುವ ಸಮಯ ಬಂದಿರುತ್ತದೆ! ಒಟ್ಟು 100 ಸೆಕೆಂಡು.

ಅರ್ಧ ನಿಮಿಷದ ಈ ವ್ಯತ್ಯಾಸವನ್ನು ಅಲ್ಪವೆಂದು ಕಡೆಗಣಿಸುವಂತಿಲ್ಲ. ಗಾಡಿಯಲ್ಲಿ 3000 ಜನರಿದ್ದರೆ, ಒಂದೇ ಅಂತರದಲ್ಲಿ ಉಳಿದ ಅವರೆಲ್ಲರ ಕಾಲವನ್ನು ಕೂಡಿಸಿದಾಗ 25 ಗಂಟೆಗಳಾಗುತ್ತವೆ. ಅಲ್ಲದೆ, ಮುಂದಿನ ಗಾಡಿ ಬೇಗ ಜಾಗ ಬಿಟ್ಟರೆ ಹಿಂದಿನದು ಬೇಗ ಬರಬಹುದು. ಅದೇ ಹಳಿಯ ಮೇಲೆ ಹೆಚ್ಚು ಗಾಡಿಗಳು ಓಡಬಹುದು. ಬಾಗಿಲಲ್ಲಿ ಜೋತುಬಿದ್ದು ಪ್ರಾಣವನ್ನು ಪಣಕ್ಕಿಟ್ಟು ಕೆಲಸಕ್ಕೆ ಹೋಗುವವನಿಗೆ ಮತ್ತೊಂದು ಗಾಡಿ ಬೇಗ ಬರುವುದೆಂಬುದು ಬರಿಯ ಅನುಕೂಲದ ಮಾತಲ್ಲ.

ಹೀಗೆ ಬೇಗ ಓಡಿ ಬೇಗ ನಿಲ್ಲುವುದಕ್ಕೆ ತೆರಬೇಕಾದ ಬೆಲೆಯೂ ಉಂಟು. 400 ಟನ್ನಿನ ಗಾಡಿ ಮೇಲಿನ ವೇಗದಲ್ಲಿ ಓಡುವಾಗ ಅದರ ಚಲನಶಕ್ತಿ 8 ಕೋಟಿ ಜೂಲುಗಳು, ಎಂದರೆ ಸುಮಾರು 22 ಯೂನಿಟ್ಟು ವಿದ್ಯುತ್ತಿಗೆ ಸಮ. ಹಳೆಯ ಕ್ರಮದಲ್ಲಿ ಇದೆಲ್ಲ ಪ್ರತಿ ನಿಲ್ದಾಣದಲ್ಲಿಯೂ ತಡೆಗಳ ಶಾಖವಾಗಿ ವ್ಯರ್ಥವಾಗುತ್ತಿತ್ತು. ಈಗ ನಿಲ್ಲಿಸುವಾಗ ಮೋಟಾರುಗಳನ್ನೇ ಜನರೇಟರುಗಳನ್ನಾಗಿ ದುಡಿಸಿ, ಶಕ್ತಿಯ ಒಂದು ಭಾಗವನ್ನು ತಂತಿಗೆ ಮರಳಿಸುವರು. ಸಮೀಪದಲ್ಲಿ ಹೊರಡುವ ಇನ್ನೊಂದು ಗಾಡಿಗೆ ಅದು ಉಪಯೋಗವಾಗುತ್ತದೆ.

1984ರಲ್ಲಿ ಕಲ್ಕತ್ತೆ, 2002ರಲ್ಲಿ ದೆಹಲಿ, 2011ರಲ್ಲಿ ನಮ್ಮ ಬೆಂಗಳೂರು ಮೆಟ್ರೋ ರೈಲನ್ನು ಪಡೆದವು. ದೆಹಲಿಯಲ್ಲಿ ವಿದ್ಯುತ್ತು ಮೇಲಿನ ತಂತಿಯಿಂದಲೂ, ಬೆಂಗಳೂರಿನಲ್ಲಿ ಪಕ್ಕದ ಮೂರನೆಯ ಹಳಿಯಿಂದಲೂ ಬರುತ್ತದೆ. ಆದರೆ ಎರಡರಲ್ಲಿಯೂ ಮೋಟಾರುಗಳು ಡಬ್ಬಿಗಳ ಕೆಳಗೇ ಹಂಚಿಕೊಂಡಿವೆ. 2019ರಲ್ಲಿ ದೆಹಲಿ ಮತ್ತು ವಾರಾಣಸಿಗಳ ನಡುವೆ ಓಡತೊಡಗಿದ ವಂದೇ ಭಾರತ್ ಗಾಡಿಯೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ದೂರದ ಗಾಡಿ ನಗರದ ಗಾಡಿಯಿಂದ ಕಲಿತ ಪಾಠವಿದು. ಮುಂದಿನ ಸಲ ರೈಲು ಹತ್ತುವಾಗ ವಾಚಕರು ಕೈಗಡಿಯಾರವನ್ನು ನೋಡಿ, ಗಾಡಿ ಪೂರ್ಣವೇಗಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಲಿ. ಎಳೆಯುವ ಗಾಲಿಗಳು ಎಲ್ಲಿವೆಯೆಂಬುದನ್ನು ಆ ಎಣಿಕೆಯೇ ತಿಳಿಸುತ್ತದೆ.