ಏರಿಳಿತವಿಲ್ಲದ ದಾರಿ

ಮೊದಲ ಸಲ ಹೆಸರಘಟ್ಟದ ಸುತ್ತು ಓಡಲು ಹೊರಟಾಗ ನನಗಿದ್ದ ಧೈರ್ಯ ಒಂದೇ: ಇಲ್ಲಿ ಗುಡ್ಡವಿಲ್ಲ. ಅಲ್ಲಿಯವರೆಗೆ ನಂದಿ, ಸಾವನದುರ್ಗದ ಬುಡದ ಕಾಲುದಾರಿಗಳಲ್ಲಿ ಓಡಿ ರೂಢಿಯಾಗಿತ್ತು. ಕೆರೆಯ ಏರಿಯಿಂದ ಹೊರಟು, ಹುಲ್ಲುಗಾವಲು ದಾಟಿ, ಕಾಕೋಳು ಕಡೆಯ ಮಣ್ಣುದಾರಿಯಲ್ಲಿ ರಾಗಿ ಹೊಲಗಳನ್ನು ಬಳಸಿ ಮತ್ತೆ ಏರಿಗೆ ಬಂದರೆ ನನ್ನ ಗಡಿಯಾರದಲ್ಲಿ 19 ಕಿ.ಮೀ. ಎರಡು ಗಂಟೆಯೊಳಗೆ ಮುಗಿಸಿಬಿಡಬಹುದು ಎಂದುಕೊಂಡಿದ್ದೆ. ಮೂರು ಗಂಟೆ ಹಿಡಿಯಿತು. ಕೊನೆಯ ಐದು ಕಿಲೋಮೀಟರ್ ನಡೆದೇ ಬಂದೆ.

ಗುಡ್ಡದ ದಾರಿ ನಮ್ಮನ್ನು ತಾನೇ ತಡೆಯುತ್ತದೆ. ಏರು ಬಂದರೆ ನಡೆಯಲೇಬೇಕು, ಇಳಿಜಾರಿನಲ್ಲಿ ಉಸಿರು ಸುಧಾರಿಸಿಕೊಳ್ಳುತ್ತದೆ, ಒಂದು ಸ್ನಾಯು ದಣಿಯುವಷ್ಟರಲ್ಲಿ ಇನ್ನೊಂದರ ಸರದಿ. ಸಮತಟ್ಟು ನೆಲದಲ್ಲಿ ಹಾಗೆ ತಡೆಯುವವರಿಲ್ಲ. ನಿಮಿಷಕ್ಕೆ 165ರಂತೆ ಹಾಕಿದರೂ ಎರಡು ಗಂಟೆಗೆ ಹೆಚ್ಚುಕಡಿಮೆ 20,000 ಹೆಜ್ಜೆ. ಎಲ್ಲವೂ ಒಂದೇ ಅಳತೆಯವು, ಎಲ್ಲದರ ಪೆಟ್ಟೂ ಅದೇ ಮೀನಖಂಡಕ್ಕೆ, ಅದೇ ಸೊಂಟಕ್ಕೆ. ಆ ದಿನ ಮೊದಲ ಐದು ಕಿಲೋಮೀಟರನ್ನು ತಂಪು ಗಾಳಿಯ ಹುಮ್ಮಸ್ಸಿನಲ್ಲಿ ಬೇಕಾದ್ದಕ್ಕಿಂತ ಜೋರಾಗಿ ಓಡಿದ್ದೆ. ಹದಿಮೂರನೆಯದರ ಹೊತ್ತಿಗೆ ಬಲಗಾಲಿನ ಮೀನಖಂಡ ಕಲ್ಲಿನಂತಾಯಿತು.

ಬಿಸಿಲಿನದು ಇನ್ನೊಂದು ಪಾಠ. ಹುಲ್ಲುಗಾವಲೆಂದರೆ ಮರವಿಲ್ಲದ ಬಯಲು, ಎಂಟು ಗಂಟೆಗೆಲ್ಲ ನೆರಳೆಂಬುದು ನಮ್ಮ ಮೈಯದು ಮಾತ್ರ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗೆ ಬಿತ್ತು. ಬಾಯಾರಿತೆಂದು ಎರಡು ಲೀಟರ್ ಬರೀ ನೀರು ಕುಡಿದೆ. ತಲೆ ಸುತ್ತಿತು, ಬೆರಳುಗಳು ಊದಿಕೊಂಡವು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, ಕೂರಿಸಿ, ತಮ್ಮ ಬುತ್ತಿಯ ಮಜ್ಜಿಗೆಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಕೊಟ್ಟರು. ‘ನೀರಷ್ಟೇ ಕುಡುದ್ರೆ ಆಯ್ತದಾ?’ ಎಂದರು. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇನ್ನಷ್ಟು ತಗ್ಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆ ಮಜ್ಜಿಗೆಯ ಋಣ ನನ್ನ ಮೇಲಿದೆ.

ಈಗ ಬೆಳಕು ಹರಿಯುವ ಮುಂಚೆಯೇ ಹೊರಡುತ್ತೇನೆ. ಮೊದಲರ್ಧ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ. ಕಾಲು ಚೆನ್ನಾಗಿರಲಿ, ಬಿಡಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ನಡಿಗೆ. ಈ ನಡಿಗೆಯನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಬೆನ್ನಚೀಲದಲ್ಲಿ ಉಪ್ಪು ಬೆರೆಸಿದ ನಿಂಬೆ ನೀರು, ಎರಡು ತುಂಡು ಕಡಲೆಮಿಠಾಯಿ.

ಓಡುತ್ತಾ ಓಡುತ್ತಾ ಕೆರೆಯೂ ಪರಿಚಯವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆಯಿಂದಲೇ ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತಿತ್ತು. ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಬಂದ ನೀರನ್ನು ಸೋಲದೇವನಹಳ್ಳಿಯ ಉಗಿಯಂತ್ರಗಳು ಊರಿಗೆ ಎತ್ತುತ್ತಿದ್ದವು. ನಾನು ಓಡಲು ಶುರು ಮಾಡಿದಾಗ ಕೆರೆಯಂಗಳ ಒಣಗಿ, ಅದರ ನಡುವೆಯೇ ದಾರಿ ಬಿದ್ದಿತ್ತು. 2022ರಲ್ಲಿ ನೀರು ತುಂಬಿದಾಗ ನನ್ನ ಹಳೆಯ ಸುತ್ತಿನ ಒಂದು ಭಾಗ ಮುಳುಗಿಹೋಯಿತು. ಎರಡು ಕಿಲೋಮೀಟರ್ ಸುತ್ತಿ ಬಳಸಿ ಹೋಗಬೇಕಾಯಿತು. ಅಷ್ಟು ಸಂತೋಷದಿಂದ ನಾನು ಯಾವ ದೂರವನ್ನೂ ಓಡಿಲ್ಲ.

ಒಂದು ಏಪ್ರಿಲ್ ಬೆಳಿಗ್ಗೆ, ದಣಿದು ತಲೆ ತಗ್ಗಿಸಿ ಓಡುತ್ತಾ, ನೇರ ದಾರಿಯಾದೀತೆಂದು ಗಾಡಿಜಾಡು ಬಿಟ್ಟು ಹುಲ್ಲಿಗಿಳಿದೆ. ಟಿಟ್ಟಿಭವೊಂದು ತಲೆಯ ಮೇಲೆರಗಿ ಕಿರುಚತೊಡಗಿತು. ನಿಂತು ನೋಡಿದರೆ, ಬೂಟಿನಿಂದ ಒಂದು ಗೇಣು ಆಚೆ, ನಾಲ್ಕು ಮೊಟ್ಟೆ. ಗೂಡೆಂದರೆ ಕಡ್ಡಿಯೂ ಇಲ್ಲ, ಎಲೆಯೂ ಇಲ್ಲ. ನೆಲ ಕೆರೆದ ಸಣ್ಣ ತಗ್ಗು, ಸುತ್ತ ಬೆಣಚುಕಲ್ಲಿನ ಚೂರು. ಮೊಟ್ಟೆಗಳ ಚೂಪು ತುದಿಗಳು ಒಂದಕ್ಕೊಂದು ತಾಗಿದ್ದವು, ಮಣ್ಣುಬಣ್ಣದ ಮೇಲೆ ಕಪ್ಪು ಮಚ್ಚೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾಲ್ಕೂ ಹೋಗುತ್ತಿದ್ದವು, ನನಗೆ ಗೊತ್ತೂ ಆಗುತ್ತಿರಲಿಲ್ಲ. ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದಕ್ಕೆ ಸರಿದೆ.

ನೆಲಗುಬ್ಬಿಯೂ ಹೀಗೆ ಹುಲ್ಲಿನ ಬುಡದಲ್ಲೇ ಮರಿ ಮಾಡುತ್ತದೆ. ಚಳಿಗಾಲಕ್ಕೆ ದೂರದ ಉತ್ತರದಿಂದ ಬರುವ ಸೆಳೆವ ಹಕ್ಕಿಗಳು ಇಳಿದು ತಂಗುವುದೂ ನೆಲದ ಮೇಲೆಯೇ. ಮರವಿಲ್ಲದ್ದನ್ನು ಬಂಜರೆಂದು ಕರೆದು ಬಿಡುವ ನಮಗೆ ಇದೊಂದೂ ಕಾಣುವುದಿಲ್ಲ. ಐದು ಸಾವಿರ ಎಕರೆಗೂ ಮಿಕ್ಕ ಈ ಬಯಲನ್ನು ಸಂರಕ್ಷಿತ ಪ್ರದೇಶವಾಗಿಸಲು 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಆದರೂ ರಜಾದಿನಗಳಲ್ಲಿ ಜೀಪುಗಳ ಹೊಸ ಹೊಸ ಜಾಡು ಹುಲ್ಲನ್ನು ಸೀಳುವುದನ್ನು ಕಂಡಿದ್ದೇನೆ.

ನೀವೂ ಅಲ್ಲಿಗೆ ಓಡಲು ಬನ್ನಿ. ಮಾರ್ಚಿನಿಂದ ಜೂನ್‌ವರೆಗೆ ಮಾತ್ರ, ಎಷ್ಟೇ ಸುತ್ತಾದರೂ ಸರಿ, ಹಳೆಯ ಗಾಡಿಜಾಡನ್ನು ಬಿಟ್ಟು ಹುಲ್ಲಿಗೆ ಕಾಲಿಡಬೇಡಿ.